ಕೇಳದೆ ಉಳಿದ ಕ್ಷಮೆ

ಸೆಪ್ಟೆಂಬರ್ 18, ಬುಧವಾರ. ಇಚಲಕರಂಜಿ.

ಪ್ರತೀಕನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇಂದು ಕ್ಷಮಾವಾಣಿ, ನಮ್ಮ ಜೈನರು ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ. ಬೆಳಿಗ್ಗೆ ಬಸದಿಯಲ್ಲಿ ಸಣ್ಣವರು ದೊಡ್ಡವರೆನ್ನದೆ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿದೆ, ಮಾತು ಬಿಟ್ಟಿದ್ದ ಬೀಗರಿಗೂ. ಮನೆಗೆ ಬಂದರೆ ಅಣ್ಣನ ಮಗ ಪ್ರತೀಕ ಕಾಯುತ್ತಿದ್ದ. ಕಾಲು ಮುಟ್ಟಿ, "ಕಾಕಾ, ತಪ್ಪಾಗೇತ್ರಿ, ಕ್ಷಮಾ ಮಾಡ್ರಿ" ಎಂದ.

ಹೋದ ತಿಂಗಳು ಅವನ ಮೊಬೈಲಿನಲ್ಲಿ ಹೊಲಸು ವಿಡಿಯೊ ಕಂಡು ಮನೆಮಂದಿಯ ಮುಂದೆ ಕಪಾಳಕ್ಕೆ ಹೊಡೆದವನು ನಾನು. ಸೈಟಿನ ಹೆಸರು ಓದುವ ಅಗತ್ಯವೇ ಬೀಳಲಿಲ್ಲ, ಆ ಪುಟದ ಬಣ್ಣ ನೋಡಿಯೇ ಗುರುತು ಸಿಕ್ಕಿತ್ತು. ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ನಾನು ನೋಡುವುದೂ ಅದನ್ನೇ.

"ಮಾಡೀನಿ, ಏಳು" ಎಂದೆ. ಎದ್ದವನು ಕೈಮುಗಿದು ಅಲ್ಲೇ ನಿಂತ. ಈಗ ನಾನು ಕೇಳಬೇಕಿತ್ತು. ಚಹಾ ತಂದ ನನ್ನ ಹೆಂಡತಿ ಶಾಲನ ನಕ್ಕಳು, "ನೀವೂ ಕೇಳ್ರಿ. ಹುಡುಗ ಎಷ್ಟೊತ್ತು ನಿಂದರಬೇಕು?"

"ಅಭ್ಯಾಸದ ಕಡೆ ಲಕ್ಷ್ಯ ಕೊಡು" ಎಂದು ಗದರಿ ಒಳಗೆ ಬಂದುಬಿಟ್ಟೆ. ಅವನು ಚಹಾ ಮುಟ್ಟದೆ ಹೋದನಂತೆ.

ಮಲಗುವ ಮುಂದೆ ಶಾಲನ ಅಂದಳು, "ಹೊಡದಿದ್ದಕ್ಕರ ಕೇಳಬೇಕಿತ್ತಲ್ರಿ."

ಹೊಡೆದದ್ದಕ್ಕಷ್ಟೇ ಆಗಿದ್ದರೆ ಕೇಳುತ್ತಿದ್ದೆ.