ಪುಟ್ಟಿ ತೆರೆದ ಡಿಸ್ಕು

ಮನೆಯಿಂದ,
೧೪ ಜೂನ್, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಕತ್ತು ನೋವು ಕಡಿಮೆಯಾಯಿತೇ? ಹೊಸ ಆಫೀಸಿನಲ್ಲಾದರೂ ಕುರ್ಚಿ ಸರಿಯಾಗಿದೆ ತಾನೇ? ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿ ಓಡುತ್ತದೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ತಂತ್ರಾಂಶದ ಆ ದೋಷವನ್ನು ಕೊನೆಗೂ ನಾನು ಸರಿಮಾಡಿದೆ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ನಾಲ್ಕಾರು ಕಂಪ್ಯೂಟರು ನಡೆಸುವುದು ನಮ್ಮ ತಂತ್ರಾಂಶದ ಕೆಲಸ ಎಂದು ಅಮ್ಮನಿಗೆ ಹೇಳಿದರೆ, “ಒಂದೇ ಮನೇಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ ಅನ್ನು” ಎಂದಳು. ಹೆಚ್ಚುಕಡಿಮೆ ಹಾಗೇ. ಒಳಗಿನ ಒಂದೊಂದಕ್ಕೂ ಒಂದೊಂದು ಡಿಸ್ಕು. ಡಿಸ್ಕನ್ನು ತೆರೆಯುವ ಮುಂಚೆ ಬೇರೆ ಯಾರಾದರೂ ತೆರೆದಿದ್ದಾರೆಯೇ ಎಂದು ಕೇಳಬೇಕು. ನಮ್ಮದು ಕೇಳದೆ ನುಗ್ಗುತ್ತಿತ್ತು. ಒಳಗಿನ ಎರಡು ಯಂತ್ರಗಳು ಒಂದೇ ಡಿಸ್ಕಿನ ಮೇಲೆ ಬರೆದು, ನಮ್ಮ ತಂತ್ರಾಂಶ ಕೊಂಡಿದ್ದ ಕಣ್ಣಾಸ್ಪತ್ರೆಯ ರೋಗಿಗಳ ಚಿತ್ರಗಳೆಲ್ಲ ಕಲಸಿಹೋದವು.

ಹಾಗೆ ಕೇಳುವ ಒಂದು ಸಾಲು ತಂತ್ರಾಂಶದಲ್ಲಿ ಮೊದಲು ಇತ್ತಲ್ಲ ಅಣ್ಣಾ. ನೀನು ಹೇಳುವುದು, ನಾನು ಟೈಪು ಮಾಡುವುದು, ಮೊದಲಿನಿಂದ ನಮ್ಮಿಬ್ಬರ ಪದ್ಧತಿ. “ಅದನ್ನ ತೆಗೆದುಬಿಡು ಪುಟ್ಟಿ, ನಿಧಾನ ಆಗ್ತಿದೆ, ಬೇರೆ ಕಡೆ ನಾನು ಹಾಕ್ತೀನಿ” ಎಂದೆ ನೀನು. ನಾನು ತೆಗೆದೆ, ನೀನು ಹಾಕಲಿಲ್ಲ. ಮೀಟಿಂಗಿನಲ್ಲಿ ಮ್ಯಾನೇಜರು “ಇದನ್ನ ತೆಗೆದಿದ್ದು ಯಾರು?” ಎಂದಾಗ ನೀನು ಕಾಫಿ ಲೋಟದ ತಳ ನೋಡುತ್ತಾ ಕುಳಿತೆ. ಕೈ ನನ್ನದು, ಹಾಗಾಗಿ ತಪ್ಪೂ ನನ್ನ ತಲೆಗೇ ಬಂತು. ಸರಿಮಾಡದಿದ್ದರೆ ಕೆಲಸವಿಲ್ಲ ಎಂದರು. ನೀನು ನಮ್ಮ ಎದುರಾಳಿ ಕಂಪನಿಗೆ ಹೊರಟುಹೋದೆ. ಈಗ ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿಗೆ ಯಾರೂ ಬರುವುದಿಲ್ಲ.

ಬೇರೆ ಯಾರಾದರೂ ಹೀಗೆ ಕೈಕೊಟ್ಟಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನನ್ನು ಸುಮ್ಮಸುಮ್ಮನೆ ಬೈದರೆಂದು ಮೇಷ್ಟರ ಹತ್ತಿರ ಜಗಳಕ್ಕೆ ನಿಂತ ಹುಡುಗ ನೀನು. ಅದು ನೆನಪಾದಾಗಲೆಲ್ಲ ಸಿಟ್ಟು ಇನ್ನೂ ಏರುತ್ತದೆ. ಅಮ್ಮನಿಗೆ ಇದೊಂದನ್ನೂ ಹೇಳಿಲ್ಲ. ‘ಆ ಸಾಲು ತೆಗೆಯಲು ಹೇಳಿದ್ದು ನಾನೇ’ ಎಂದು ಮ್ಯಾನೇಜರಿಗೆ ಒಂದು ಸಾಲು ಬರೆದುಬಿಡು, ನನ್ನ ಸಿಟ್ಟು ಇಳಿದರೂ ಇಳಿದೀತು. ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಕತ್ತಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
ಪುಟ್ಟಿ

ತಾ.ಕ.: ಸೋಮವಾರ, ಆಫೀಸಿನಿಂದ. ಸರಿಮಾಡಿದ ತಂತ್ರಾಂಶವನ್ನು ಈಗಷ್ಟೇ ಓಡಿಸಿದೆ. ನಮ್ಮ ಹೊಸ ಕೆಲಸವೆಲ್ಲ ಇರುವ ಡಿಸ್ಕನ್ನು ತೆರೆಯಹೋದರೆ ಬಿಡಲಿಲ್ಲ. ಅದನ್ನು ಆಗಲೇ ‘ಪುಟ್ಟಿ’ ತೆರೆದಿದೆ ಎಂದಿತು. ನಾನು ಕೆಲಸಕ್ಕೆ ಸೇರಿದ ದಿನ ನೀನು ನನ್ನ ಹೆಸರಿಟ್ಟು ಕಟ್ಟಿಕೊಟ್ಟ ಒಳಗಿನ ಯಂತ್ರ ಅದು. ಅದನ್ನು ನಡೆಸುತ್ತಿರುವುದು ನಿನ್ನ ಹೊಸ ಆಫೀಸಿನಿಂದ ಎಂದೂ ಪರದೆ ತೋರಿಸಿತು. ಆ ಸಾಲು ನಿನಗೆ ಯಾಕೆ ಬೇಡವಾಗಿತ್ತು ಎಂದು ಈಗ ತಿಳಿಯಿತು: ಅದು ಇದ್ದಿದ್ದರೆ ನೀನು ನಮ್ಮ ಕೆಲಸವನ್ನು ಕದ್ದು ನೋಡುವುದು ಗೊತ್ತಾಗಿಬಿಡುತ್ತಿತ್ತು. ಮ್ಯಾನೇಜರನ್ನು ಕರೆದು ತೋರಿಸಿ, ಅವರ ಮುಂದೆಯೇ ಅದನ್ನು ನಿಲ್ಲಿಸಿದೆ. ನೀನು ಏನೂ ಬರೆಯಬೇಕಾಗಿಲ್ಲ. ಮೇಲೆ ‘ನಿನ್ನ ಪುಟ್ಟಿ’ ಎಂದು ಹಾಕಿದ ಸಹಿ ನಿನ್ನೆಯದು.