ಕರಿಗಾಳಿಗೆ ಎರಡು ಬಣ್ಣ

ಫೆಬ್ರವರಿ 30, 2317
ಕೋಲಾರದ ಕೆಳಪೇಟೆ

ಬಿಸಿಲಲ್ಲಿ ಓಡಾಡುವ ಹಿರಿಯರಿಗೆ ಅರುಳಮ್ಮಳ ನಮಸ್ಕಾರ.

ತಾರೀಖು ತಪ್ಪಲ್ಲ. ಹಳೆಯ ಚಿನ್ನದ ಗಣಿಯೊಳಗೆ ಇಳಿದು ನೆಲೆಸಿದ ಮೇಲೆ ನಮಗೆ ಎಲ್ಲ ತಿಂಗಳೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಾನು ಪದಮರ ತಿದ್ದುವವಳು. ಯಾವ ಪದಕ್ಕೆ ಏನು ಅರ್ಥ, ಅದು ಯಾವುದರ ಬಗೆ, ಅದನ್ನು ಕೇಳಿದಾಗ ಏನು ಮಾಡಬೇಕು ಎಂಬುದನ್ನು ನಮ್ಮ ಬಾಗಿಲುಗಳೂ ಫ್ಯಾನುಗಳೂ ಪದಮರದಿಂದಲೇ ತಿಳಿಯುತ್ತವೆ. ತಿದ್ದುವ ಪರದೆಯಲ್ಲಿ ಪ್ರತಿ ಪದಕ್ಕೂ ಅದು ಬಂದ ಮೂಲದ ಬಣ್ಣವಿರುತ್ತಿತ್ತು. ಗಣಿಯವರ ಬಾಯಿಂದ ಬಂದದ್ದು ಕಂದು, ಅಗ್ನಿಶಾಮಕರ ಕೈಪಿಡಿಯದು ಕೆಂಪು.

ನಮ್ಮ ಮುಖ್ಯಸ್ಥರಾದ ಮುನಿನಂಜಪ್ಪನವರಿಗೆ ಆ ಬಣ್ಣಗಳನ್ನು ಕಂಡರಾಗುತ್ತಿರಲಿಲ್ಲ. "ಮನುಷ್ಯರನ್ನ ಎಲ್ಲಿಂದ ಬಂದೋರು ಅಂತ ವಿಂಗಡಿಸಿದ್ದು ಸಾಲ್ದೇನಮ್ಮಾ? ಈಗ ಪದಕ್ಕೂ ಜಾತಿನಾ?" ಎಂದಿದ್ದರು. ಅವರ ಮನೆತನ ಆ ವಿಂಗಡಣೆಯಲ್ಲಿ ಬೆಂದದ್ದು ಎಲ್ಲರಿಗೂ ಗೊತ್ತಿತ್ತು; ನಾವೆಲ್ಲ ಒಪ್ಪಿದೆವು. ಬಣ್ಣಗಳು ಆರಿದವು. ಬೇರೆ ಬೇರೆ ಮೂಲದಿಂದ ಬಂದರೂ ಒಂದೇ ರೂಪದಲ್ಲಿದ್ದ ಪದಗಳನ್ನು ಪದಮರದ ಯಂತ್ರ ತಾನೇ ಒಂದಾಗಿ ಕೂಡಿಸಿತು.

ಕಳೆದ ವಾರ ಅವರ ಹೆಂಡತಿ ಸರೋಜಮ್ಮ, ತಂಗವೇಲು ಎಂಬ ಜೊತೆಗಾರನೊಂದಿಗೆ ಅಣಬೆ ಬೆಳೆಯುವ ಸುರಂಗದಲ್ಲಿದ್ದರು. ಆಕೆಯ ದನಿ ಸ್ಪೀಕರಿನಲ್ಲಿ ನಮ್ಮ ಕೋಣೆಗೆ ಕೇಳಿಸಿತು: "ಕರಿಗಾಳಿ ಬಂದೈತೆ! ದೀಪ ಆರ್ತಾ ಐತೆ!"

ಅಷ್ಟರಲ್ಲಿ ಸುರಂಗದ ಬಾಗಿಲು ದಡಾರನೆ ಮುಚ್ಚಿಕೊಂಡಿತು, ಫ್ಯಾನು ನಿಂತಿತು.

"ತೆಗೀ! ಬಾಗ್ಲು ತೆಗೀ!" ಎಂದು ಮುನಿನಂಜಪ್ಪ ಕೂಗಿದರು. ಬೆಂಕಿಯಿದೆ, ತೆರೆಯುವಂತಿಲ್ಲ ಎಂದಷ್ಟೇ ಯಂತ್ರ ಹೇಳುತ್ತಿತ್ತು. ನಾನು ಪದಮರ ತೆರೆದೆ. ಹೊಗೆಯ ಕೊಂಬೆಯಲ್ಲಿ 'ಕರಿಗಾಳಿ' ಬೂದು ಬಣ್ಣದಲ್ಲಿ ಕೂತಿತ್ತು. ನೋಡಲು ಏನೂ ತಪ್ಪಿರಲಿಲ್ಲ. ಅತ್ತ ಕೆಮ್ಮು ಕ್ಷೀಣವಾಗುತ್ತಿತ್ತು.

"ಬಣ್ಣ ಹಾಕ್ಲಾ ಸಾರ್?"

ಅವರು ತಾವೇ ಕೈ ಚಾಚಿ ಬಣ್ಣದ ಗುಂಡಿ ಒತ್ತಿದರು. ಆ ಒಂದು ಪದ ಅರ್ಧ ಕಂದು, ಅರ್ಧ ಕೆಂಪಾಯಿತು. ಅಗ್ನಿಶಾಮಕರಿಗೆ ಕರಿಗಾಳಿಯೆಂದರೆ ದಟ್ಟ ಹೊಗೆ. ಬೆಂಕಿಗೆ ಗಾಳಿ ಸಿಗದಂತೆ ಮುಚ್ಚಬೇಕು. ಗಣಿಯವರಿಗೆ ಅದು ಉಸಿರಾಡಲಾಗದ, ದೀಪವನ್ನೂ ಆರಿಸುವ ಸತ್ತ ಗಾಳಿ. ಫ್ಯಾನು ಹಾಕಿ ಎಲ್ಲ ತೆರೆಯಬೇಕು. ಎರಡನ್ನೂ ಬೇರೆ ಮಾಡಿ, ಸರೋಜಮ್ಮನ ಕೂಗನ್ನು ಗಣಿಯವರ ಪದಕ್ಕೆ ಸೇರಿಸಿದೆ. ಬಾಗಿಲು ತೆರೆಯಿತು.

ಸರೋಜಮ್ಮ ಬದುಕಿದರು. ತಂಗವೇಲುವಿಗೆ ಉಸಿರು ಮರಳಲಿಲ್ಲ. ಮುನಿನಂಜಪ್ಪ ಆತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು; ಎಬ್ಬಿಸಲು ಹೋದ ಹೆಂಡತಿಯ ಮುಖವನ್ನೂ ನೋಡಲಿಲ್ಲ.

ಪದಗಳಿಗೆ ಬಣ್ಣ ಮರಳಿದೆ. ಈಗ ಜನ ಮನುಷ್ಯರಿಗೂ ಬಣ್ಣದ ಪಟ್ಟಿ ಕಟ್ಟಬೇಕೆನ್ನುತ್ತಿದ್ದಾರೆ. ಕೂಗಿದವರು ಎಲ್ಲಿಯವರೆಂದು ತಿಳಿದರೆ ಅವರ ಪದದ ಅರ್ಥವೂ ಯಂತ್ರಕ್ಕೆ ತಿಳಿಯುತ್ತದೆ ಎಂಬುದು ಅವರ ವಾದ. ನಾಳೆ ಸಭೆ. ಮುನಿನಂಜಪ್ಪ ವಿರೋಧಿಸಲಿದ್ದಾರೆ, ತಂಗವೇಲುವಿನ ಮನೆಯವರು ಅವರ ಮಾತು ಕೇಳುವರೋ ಇಲ್ಲವೋ ತಿಳಿಯದು. ನಾನು ಮುನಿನಂಜಪ್ಪನವರ ಪಕ್ಕದಲ್ಲಿ ನಿಲ್ಲುತ್ತೇನೆ.

ನಿಮ್ಮಲ್ಲಿ ಒಂದೇ ಕೋರಿಕೆ. ಪದ ಎಲ್ಲಿಂದ ಬಂತೆಂದು ತಪ್ಪದೆ ಕೇಳಿ. ಆದರೆ ಮುಚ್ಚಿದ ಬಾಗಿಲಾಚೆ ಯಾರೋ ಕೂಗಿದಾಗ ಅವರು ಎಲ್ಲಿಯವರೆಂದು ಕೇಳುತ್ತ ನಿಲ್ಲಬೇಡಿ.