ಹದಿನಾಲ್ಕನೆಯ ಕಂಬದ ಸದ್ದು

ಚೆಲುವನಕೋಟೆ ಅರಮನೆ, ದರ್ಬಾರು ಸಭಾಂಗಣ
ಕ್ರಿ.ಶ. ೨೨೦೭, ಫೆಬ್ರವರಿ ಮೂವತ್ತು

ಕಂಬದ ಮನೆ ಸಾಕಮ್ಮಣ್ಣಿಗೆ, ಅವಳಿಂದ ಆರನೆಯ ತಲೆಮಾರಿನವನಾದ ಭೈರಲಿಂಗ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡ ಅಜ್ಜಿ. ತಂಪಿನ ದಿನಗಳು ಸಾಲದೆ ನಾವು ಫೆಬ್ರವರಿಗೆ ಎರಡು ದಿನ ಸೇರಿಸಿಕೊಂಡಿದ್ದೇವೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಅದನ್ನೂ ಮನ್ನಿಸು. ಉರಿಗಾಲ ಎಂದರೆ ಮಾರ್ಚಿನಿಂದ ಜೂನಿನವರೆಗೆ, ಹಗಲು ಬಯಲಿಗೆ ಕಾಲಿಟ್ಟವರು ಮನೆಗೆ ಮರಳದ ಕಾಲ. ನೆರಳೊಕ್ಕಲು ಎಂದರೆ ಆಗ ಅರಮನೆಯೊಳಗೆ ಬಾಳುವ ಹಕ್ಕುಳ್ಳ ಕುಟುಂಬ. ಉಳಿದದ್ದೆಲ್ಲ ಕಂಪನಿ ನಾಟಕದ ಧಾಟಿ. ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು ನಾನು. ಮೆಲ್ಲಗೆ ಮಾತಾಡಲು ಬಾರದು.

ಈ ಅರಮನೆಯ ಕಥೆ ನಿನಗೆ ಗೊತ್ತು. ಬೆಂಕಿಗೆ ಬಿದ್ದ ಹಳೆಯ ಅರಮನೆಯ ಬೂದಿಯ ಮೇಲೆ ಇಮ್ಮಡಿ ಚಿಕ್ಕಭೂಪಾಲರು ಇದನ್ನು ಕಟ್ಟಿಸಿದರು. ನಲವತ್ತೆಂಟು ಬೀಟೆಮರದ ಕಂಬ, ಕಂಬಕ್ಕೊಂದು ಮನೆತನ, ನವರಾತ್ರಿಗೆ ಮೊದಲು ಆ ಮನೆತನ ಬಂದು ತನ್ನ ಕಂಬಕ್ಕೆ ಅಗಸೆ ಎಣ್ಣೆ ತಿಕ್ಕಬೇಕು. ರಾಜರು ಹೋದರು, ಟಿಕೆಟ್ಟು ಬಂತು, ಸಿಂಹಾಸನದ ಸುತ್ತ ಹಗ್ಗ ಕಟ್ಟಿದರು. ಎಣ್ಣೆ ತಿಕ್ಕುವ ಕೈ ಮಾತ್ರ ನಿಲ್ಲಲಿಲ್ಲ. ಈಗ ಇದು ಊರಿನ ನೆರಳುಮನೆ. ಮೂರಡಿ ದಪ್ಪದ ಗೋಡೆಗಳೊಳಗೆ ಒಂಬೈನೂರು ಜನ! ಪಲ್ಲಕ್ಕಿ ಕೋಣೆಯಲ್ಲಿ ಬಸುರಿಯರು, ಆಯುಧಶಾಲೆಯಲ್ಲಿ ಮೊಸರಿನ ಗಡಿಗೆಗಳು, ರಾಣಿವಾಸದ ಜಾಲಂಧ್ರದ ಹಿಂದೆ ಮಗ್ಗಿ ಹೇಳುವ ಮಕ್ಕಳು. ದರ್ಬಾರು ಸಭಾಂಗಣದಲ್ಲಿ ಪ್ರತಿ ನೆರಳೊಕ್ಕಲೂ ತನ್ನ ಕಂಬದ ಬುಡದಲ್ಲೇ ಚಾಪೆ ಹಾಸುತ್ತದೆ. ತಂಪಿಗೆಂದು ಸೂರಿನ ಮೇಲೆ ಮೊಳದೆತ್ತರ ಒದ್ದೆ ಮಣ್ಣು ಹರವಿದ್ದೇವೆ.

ಬಾಗಿಲಲ್ಲಿ ನಿನ್ನ ಹಲಗೆ ಇಂದಿಗೂ ಇದೆ: ‘ಕಂಬವನ್ನು ಅಂಗೈಯಿಂದಲೇ ಮುಟ್ಟತಕ್ಕದ್ದು. ಗೆಣ್ಣಿನಿಂದ ತಟ್ಟಿದ ಮನೆತನ ಕೆಡುವುದು. ಸಾಕಮ್ಮಣ್ಣಿ, ಅರಮನೆ ಸಮಿತಿ, ೧೨-೮-೨೦೩೧.’ ಅದನ್ನು ವೇದದಂತೆ ಪಾಲಿಸಿದೆವು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅಂಗೈ ಕಲಿಸಿದೆವು. ನಮ್ಮ ಹದಿನಾಲ್ಕನೆಯ ಕಂಬ ಎಣ್ಣೆಯನ್ನೇ ಕುಡಿಯುತ್ತಿರಲಿಲ್ಲ. ತಿಕ್ಕಿದ್ದೆಲ್ಲ ಬುಡಕ್ಕಿಳಿದು ನಿಲ್ಲುತ್ತಿತ್ತು. ‘ನಮ್ಮದು ಹೊಟ್ಟೆ ತುಂಬಿದ ಕಂಬ ಕಣೋ’ ಎಂದು ಅಪ್ಪ ಎದೆ ಸೆಟೆಸುತ್ತಿದ್ದ.

ಇನ್ನು ಮುಂದಿನ ಅಂಕ ಕೇಳು! ಹೋದ ಶುಕ್ರವಾರ ಇಲ್ಲಿ ನಾಟಕ. ಎಲ್ಲಿ ನಿನ್ನ ದೇವರೆಂದು ಮಗನಿಗೆ ಗದರಿ ಕಂಬಕ್ಕೆ ಗದೆ ಬೀಸುವ ದೈತ್ಯರಾಜ ನಾನು. ಗದೆ ಗೇಣು ದೂರದಲ್ಲಿ ನಿಲ್ಲಬೇಕು, ಡೋಲಿನವನು ಸದ್ದು ಕೊಡಬೇಕು; ಇಲ್ಲಿಯ ಪದ್ಧತಿ ಅದು. ಆವೇಶದಲ್ಲಿ ಗೇಣು ಮರೆತೆ. ನಮ್ಮ ಹದಿನಾಲ್ಕನೆಯ ಕಂಬಕ್ಕೇ ಬಡಿಯಿತು. ಡಬ್ಬದ ಸದ್ದು, ಅಜ್ಜಿ! ಖಾಲಿ ಡಬ್ಬದ ಸದ್ದು! ಕಂಬ ಸೀಳಿತು. ದೇವರು ಬರಲಿಲ್ಲ. ಕಂಡದ್ದು ಮಣಿಕಟ್ಟಿನ ದಪ್ಪದ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಚೀಟಿ: ‘ಫೈಬರ್ ನಕಲು. ಹನ್ನೊಂದರಲ್ಲಿ ಐದನೆಯದು. ಅಸಲು ಸಾಗಿಸಿದೆ. ಒಪ್ಪಿಗೆ: ಸಾಕಮ್ಮಣ್ಣಿ.’ ಕೆಳಗೆ ತಾರೀಖು. ಹಲಗೆಯ ಮೇಲಿದ್ದ ಅದೇ ತಾರೀಖು.

ಅಂದರೆ ನಾವು ಭಕ್ತಿಯೆಂದುಕೊಂಡದ್ದು ನಿನ್ನ ಗುಟ್ಟಿಗೆ ಕಾವಲು! ನನ್ನಪ್ಪ ಸಾಯುವ ಮುನ್ನಾ ದಿನ ಅಂಗೈಯಿಂದ ಸವರಿದ್ದು ಒಂದು ಡಬ್ಬವನ್ನು! ಅಸಲು ಯಾರ ಮನೆಯ ಹಜಾರದಲ್ಲಿ ನಿಂತಿದೆಯೋ, ಏಕೆ ಕೊಟ್ಟೆಯೋ, ನನಗೆ ಬೇಡ. ಪರರು ಮೋಸ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀನು ನಮ್ಮವಳು.

ಉಳಿದ ಹತ್ತು ಯಾವುವು? ತಟ್ಟಿದರೆ ಗಳಿಗೆಯಲ್ಲಿ ತಿಳಿಯುತ್ತದೆ. ತಟ್ಟಲು ಬಿಡುವವರಿಲ್ಲ, ನಲವತ್ತೇಳು ಮನೆಯವರೂ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಾರೆ. ಚೀಟಿ ತೋರಿಸಿದೆ. ಇಪ್ಪತ್ತಮೂರನೆಯ ಕಂಬದ ಯಜಮಾನ, ನನ್ನ ಬೀಗ ತಿಮ್ಮಾಜಿ, ತಿರುಗಿಸಿ ತಿರುಗಿಸಿ ನೋಡಿ, ‘ಬೀಗರೇ, ನಿಮ್ಮ ಬಣ್ಣದ ಪೆಟ್ಟಿಗೆಯಲ್ಲಿ ಇಂಥ ಓಲೆ ಇನ್ನೆಷ್ಟಿವೆ?’ ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಜೀವಮಾನವೆಲ್ಲ ಸುಳ್ಳನ್ನು ನಿಜವೆಂದು ನಂಬಿಸಿದ ನನಗೆ, ಒಂದು ನಿಜವನ್ನು ನಂಬಿಸಲಾಗಲಿಲ್ಲ.

ಆ ಇಪ್ಪತ್ತಮೂರನೆಯದೂ ಎಣ್ಣೆ ಕುಡಿಯದ ಕಂಬವೇ. ಅದರ ನೆತ್ತಿಯಲ್ಲಿ ಸೂರು ಎರಡು ಬೆರಳು ಕುಸಿದಿದೆ. ನಿನ್ನ ಕಾಲದ ಸೂರಿಗೆ ಆ ಕೊಳವೆ ಸಾಕಾಗಿತ್ತೇನೋ, ಈ ಮಣ್ಣಿನ ಭಾರಕ್ಕೆ ಸಾಲದು. ನಾಳೆ ಉರಿಗಾಲ ಶುರು. ಅದರ ಬುಡದಲ್ಲಿ ಚಾಪೆ ಹಾಸುವವಳು ಆ ಮನೆಗೆ ಕೊಟ್ಟ ನನ್ನ ಮಗಳು ಹೊನ್ನಾಜಿ, ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಕೈಮುಗಿದು ಬೇಡಿದೆ. ‘ಸುಮ್ನಿರಪ್ಪಾ, ಅತ್ತೆಮನೆ ಮುಂದೆ ಮಾನ ತೆಗೀಬೇಡ. ಸಾಕಮ್ಮಣ್ಣಿ ಹೇಳಿದ್ದು ಸುಳ್ಳು, ನಿನ್ನ ಡೈಲಾಗ್ ನಿಜಾನಾ?’ ಎಂದಳು.

ಕಂಬ ಕೊಡಬೇಡ ಎಂದು ಕೇಳಲು ಬರೆದದ್ದಲ್ಲ ಇದು. ಕೊಡು. ಹನ್ನೊಂದನ್ನೂ ಕೊಡು. ಕೊಟ್ಟ ಮೇಲೆ ನಿನ್ನ ಮೊಮ್ಮಕ್ಕಳ ಕೈಗೆ ಒಂದು ಸಾಲು ಬರೆದುಕೊಡು: ‘ತಟ್ಟಿ ನೋಡಿ. ಮೋಸ ಮಾಡಿದವಳು ನಾನೇ.’ ನಾನು ಸಾವಿರ ಸಲ ಕಿರುಚಿದರೂ ಏಳದವಳು ನಿನ್ನ ಒಂದು ಮಾತಿಗೆ ಏಳುತ್ತಾಳೆ. ನಿನ್ನನ್ನು ಕ್ಷಮಿಸುವುದೋ ಶಪಿಸುವುದೋ, ಅದು ಆಮೇಲಿನ ಮಾತು. ಮೊದಲು ನನ್ನ ಮಗಳನ್ನು ಅಲ್ಲಿಂದ ಎಬ್ಬಿಸು.